ಮೂರನೆಯ ಸರದಿಯ ಜಮಾ-ಖರ್ಚು

ಫ್ರೀಮಾಂಟ್‌ನಲ್ಲಿರುವ ನಮ್ಮ ಭಾವನವರ ಲ್ಯಾಪ್‌ಟಾಪಿನಲ್ಲಿ ‘ಮೂರನೇ ಸರದಿ’ ಎಂದು ಹೆಸರಿಟ್ಟ ಒಂದು ಎಕ್ಸೆಲ್ ಕಡತವಿದೆ. ವೃತ್ತಿಯಿಂದ ಅವರು ಲೆಕ್ಕಪತ್ರದವರು. ಮನೆಯ ಸಾಲದ ಕಂತು, ಮಕ್ಕಳ ಕಾಲೇಜಿನ ಶುಲ್ಕ, ತೀರ್ಥಹಳ್ಳಿಯ ಅಡಿಕೆ ತೋಟದ ಫಸಲು ಇವುಗಳ ಲೆಕ್ಕವಿರುವ ಫೋಲ್ಡರಿನಲ್ಲೇ ಇದೂ ಇದೆ. ಎಡಗಡೆಯ ಅಂಕಣಕ್ಕೆ ‘ಕೊಟ್ಟದ್ದು’, ಬಲಗಡೆಯದಕ್ಕೆ ‘ಬಂದದ್ದು’ ಎಂದು ಶೀರ್ಷಿಕೆ. 2021ರ ಮಾರ್ಚ್ 26ರ ಶುಕ್ರವಾರ ಅದನ್ನು ತೆರೆದಾಗ ಎಡಗಡೆ ನಾಲ್ಕು ಸಾಲು, ಬಲಗಡೆ ಒಂದೇ ಒಂದು ಸಾಲು ಇತ್ತು. ಸ್ಯಾನ್ ಫ್ರಾನ್ಸಿಸ್ಕೋ ಫೋರ್ಟಿನೈನರ್ಸ್ ತಂಡ ಅಂದು ತನ್ನ ಆ ವರ್ಷದ ಮೊದಲ ಸುತ್ತಿನ ಹನ್ನೆರಡನೆಯ ಸರದಿ, 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳು, ಇವುಗಳ ಜೊತೆಗೆ 2022ರ ಮೂರನೆಯ ಸುತ್ತಿನ ಒಂದು ಸರದಿಯನ್ನು ಮಯಾಮಿ ಡಾಲ್ಫಿನ್ಸ್ ತಂಡಕ್ಕೆ ಕೊಟ್ಟು, ಬದಲಿಗೆ ಡ್ರಾಫ್ಟಿನ ಮೂರನೆಯ ಸರದಿಯನ್ನು ಪಡೆಯಿತು.

ಅಮೆರಿಕನ್ ಫುಟ್‌ಬಾಲನ್ನು ನೋಡದವರಿಗೆ ಇದು ಸುಲಭಕ್ಕೆ ಅರ್ಥವಾಗುವ ವ್ಯವಹಾರವಲ್ಲ. ನಾವು ಐಪಿಎಲ್ ಹರಾಜನ್ನು ನೋಡಿ ಬೆಳೆದವರು, ಅಲ್ಲಿ ಜೇಬಿನಲ್ಲಿ ಹಣವಿದ್ದವನು ಯಾರಿಗೆ ಬೇಕಾದರೂ ಕೈ ಎತ್ತಬಹುದು. ಇಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕಾಲೇಜಿನಿಂದ ಬರುವ ಹುಡುಗರನ್ನು ಹಣಕ್ಕೆ ಕೂಗುವುದಿಲ್ಲ, ತಂಡಗಳು ಸರದಿಯಲ್ಲಿ ನಿಂತು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತವೆ. ಇದಕ್ಕೇ ಡ್ರಾಫ್ಟ್ ಎನ್ನುವುದು. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಹೀಗೆ ಏಳು ಸುತ್ತು. ಸರದಿಯೇ ಇಲ್ಲಿ ಹಣ. ಅದನ್ನು ಮಾರಬಹುದು, ಕೊಳ್ಳಬಹುದು, ಇನ್ನೂ ಹುಟ್ಟದ ಫಸಲಿನ ಮೇಲೆ ಮುಂಗಡ ತೆಗೆದುಕೊಂಡ ಹಾಗೆ ಮುಂದಿನ ವರ್ಷಗಳದನ್ನೂ ಒತ್ತೆಯಿಡಬಹುದು. ನಮ್ಮ ತಂಡ ಅಂದು ಮಾಡಿದ್ದು ಈ ಕೊನೆಯ ಕೆಲಸವನ್ನೇ.

ಇಂದು ನಮ್ಮ ತಂಡದ ಮೈದಾನವಿರುವ ಸಾಂಟಾ ಕ್ಲಾರಾದಲ್ಲಿ ಯಾವ ಅಭಿಮಾನಿಯನ್ನು ಕೇಳಿದರೂ ‘ನನಗೆ ಅಂದೇ ಗೊತ್ತಿತ್ತು’ ಎನ್ನುತ್ತಾನೆ. ಹೀಗೆ ಹೇಳುವವರ ಪೈಕಿ ನಾನೂ ಒಬ್ಬನಾಗಿದ್ದೆ. ಭಾವನವರು ಒಮ್ಮೆ ತಮ್ಮ ಫೋನಿನಲ್ಲಿ ಆ ಶುಕ್ರವಾರ ನಾನು ಕಳಿಸಿದ್ದ ಸಂದೇಶವನ್ನು ಹುಡುಕಿ ತೋರಿಸಿದ ಮೇಲೆ ಆ ಅಭ್ಯಾಸ ಬಿಟ್ಟೆ. ‘ಭಾವ, ಕೊನೆಗೂ ಧೈರ್ಯ ಬಂತು ಇವರಿಗೆ’ ಎಂದು ಬರೆದು ಅದರ ಮುಂದೆ ಮೂರು ಪಟಾಕಿಯ ಚಿತ್ರಗಳನ್ನು ಹಾಕಿದ್ದೆ.

ಆ ಧೈರ್ಯ ನಮಗೆ ಏಕೆ ಅಷ್ಟು ಹಿಡಿಸಿತು ಎಂಬುದನ್ನು ಮರೆತರೆ ಈ ಕಥೆಯೇ ಸುಳ್ಳಾಗುತ್ತದೆ. 2020ರ ಫೆಬ್ರವರಿ 2ರಂದು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲಿನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಎದುರು ಕೊನೆಯ ಪಾದದಲ್ಲಿ, ಎಂದರೆ ಪಂದ್ಯದ ಕೊನೆಯ ಕಾಲುಭಾಗದಲ್ಲಿ, ಹತ್ತು ಅಂಕ ಮುಂದಿದ್ದೂ ನಾವು 31–20ರಿಂದ ಸೋತಿದ್ದೆವು. ಆ ಪಂದ್ಯದ ಕೊನೆಯ ನಿಮಿಷಗಳಲ್ಲಿ ಇಮ್ಯಾನ್ಯುಯೆಲ್ ಸ್ಯಾಂಡರ್ಸ್ ರಕ್ಷಕರನ್ನು ದಾಟಿ ಓಡುತ್ತಿದ್ದಾಗ ನಮ್ಮ ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡು ಎಸೆದು ಆಕ್ರಮಣವನ್ನು ನಡೆಸುವ ಆಟಗಾರ, ಜಿಮ್ಮಿ ಗರೊಪೊಲೊ ಎಸೆದ ಚೆಂಡು ಅವನ ಕೈಗೆ ನಿಲುಕದಷ್ಟು ಮುಂದೆ ಹೋಗಿ ಬಿದ್ದ ದೃಶ್ಯ ಇಲ್ಲಿನವರ ಕಣ್ಣಿಗೆ ಕಟ್ಟಿದ ಹಾಗಿದೆ. ಎದುರು ತಂಡದಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ನಂಥ ಕ್ವಾರ್ಟರ್‌ಬ್ಯಾಕ್ ಇದ್ದ, ನಮ್ಮಲ್ಲಿ ಅಂಥವನಿಲ್ಲ ಎಂಬ ಒಂದೇ ವಾಕ್ಯಕ್ಕೆ ಆ ಸೋಲೆಲ್ಲ ಇಳಿದುಬಿಟ್ಟಿತು. ಮುಂದಿನ ಋತುವಿನಲ್ಲಿ ಗರೊಪೊಲೊ ಗಾಯದಿಂದ ಹತ್ತು ಪಂದ್ಯ ತಪ್ಪಿಸಿಕೊಂಡ. ಕೋವಿಡ್ ನಿಯಮಗಳಿಂದಾಗಿ ತಂಡ ತನ್ನ ಕೊನೆಯ ‘ತವರಿನ’ ಪಂದ್ಯಗಳನ್ನು ಅರಿಜೋನಾದಲ್ಲಿ ಆಡಿತು. ಗೆದ್ದದ್ದು 6, ಸೋತದ್ದು 10. ಆ ಸೋಲುಗಳಿಂದಲೇ ಹನ್ನೆರಡನೆಯ ಸರದಿ ನಮ್ಮ ಕೈಗೆ ಬಂದದ್ದು.

ಇನ್ನೊಂದು ಮಾತನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. 2017ರಲ್ಲಿ ಷಿಕಾಗೋ ಬೇರ್ಸ್ ತಂಡ ಮೂರರಿಂದ ಎರಡನೆಯ ಸರದಿಗೆ ಒಂದೇ ಒಂದು ಹೆಜ್ಜೆ ಏರಲು ನಮ್ಮ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಅವರ ಕೈಗೆ ಹೆಚ್ಚುವರಿ ಮೂರು ಸರದಿಗಳನ್ನು ಸುರಿದು ಮಿಚ್ ಟ್ರುಬಿಸ್ಕಿಯನ್ನು ಆರಿಸಿಕೊಂಡಾಗ, ಆ ತಂಡದ ಪೆದ್ದುತನಕ್ಕೆ ನಾವು ವರ್ಷಗಟ್ಟಲೆ ನಕ್ಕಿದ್ದೆವು. ನಾಲ್ಕೇ ವರ್ಷದಲ್ಲಿ ನಾವೇ ಆ ಜಾಗದಲ್ಲಿ ನಿಂತಾಗ ಅದೇ ಕೆಲಸಕ್ಕೆ ದೂರದೃಷ್ಟಿ ಎಂದು ಹೆಸರಿಟ್ಟೆವು.

ವಿಚಿತ್ರವೆಂದರೆ, ಮೂರನೆಯ ಸರದಿಯನ್ನು ಕೊಂಡ ಮೇಲೆ ಒಂದು ತಿಂಗಳಿಗೂ ಹೆಚ್ಚು ಕಾಲ ಅದನ್ನು ಯಾರಿಗಾಗಿ ಕೊಂಡರೆಂದು ಯಾರಿಗೂ ತಿಳಿಯಲಿಲ್ಲ. ಅಲಬಾಮಾದ ಮ್ಯಾಕ್ ಜೋನ್ಸ್ ಎಂದು ಬಹುಪಾಲು ವರದಿಗಾರರು ಹೇಳುತ್ತಿದ್ದರು. ಓಹಾಯೊ ಸ್ಟೇಟ್‌ನ ಜಸ್ಟಿನ್ ಫೀಲ್ಡ್ಸ್ ಬೇಕೆಂದು ಅರ್ಧ ಜನರ ಬೇಡಿಕೆ. ಏಪ್ರಿಲ್ 29ರ ಸಂಜೆ, ಲಸಿಕೆಯ ಎರಡನೆಯ ಡೋಸ್ ಆಗಿ ಹದಿನೈದು ದಿನ ಕಳೆದಿದ್ದರಿಂದ, ವರ್ಷದ ಮೇಲೆ ಮೊದಲ ಬಾರಿಗೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕುಳಿತಿದ್ದೆವು. ಕ್ಲೀವ್‌ಲ್ಯಾಂಡಿನ ವೇದಿಕೆಯಿಂದ ಟ್ರೆವರ್ ಲಾರೆನ್ಸ್, ಜ್ಯಾಕ್ ವಿಲ್ಸನ್ ಎಂಬ ಹೆಸರುಗಳ ನಂತರ ಟ್ರೇ ಲ್ಯಾನ್ಸ್ ಎಂಬ ಹೆಸರು ಬಂದಾಗ ಭಾವನವರು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು, ಬಲಗಡೆಯ ಅಂಕಣದಲ್ಲಿ ಆ ಹೆಸರನ್ನು ಬರೆದು, ಪಕ್ಕದಲ್ಲಿ ‘17’ ಎಂದು ಒಂದು ಅಂಕಿ ಸೇರಿಸಿದರು. ‘ಏನಿದು ಭಾವ?’ ಎಂದೆ. ‘ಕಾಲೇಜಿನಲ್ಲಿ ಶುರುವಿನಿಂದ ಆಡಿದ ಪಂದ್ಯ ಇಷ್ಟೇ ಕಣೋ’ ಎಂದರು.

ಆ ಅಂಕಿಯ ತೂಕ ನನಗೆ ಅಂದು ತಿಳಿಯಲಿಲ್ಲ. ಮಿನೆಸೋಟಾದ ಮಾರ್ಷಲ್ ಎಂಬ ಸಣ್ಣ ಊರಿನ ಹುಡುಗ. ಆಡಿದ್ದು ಕಾಲೇಜು ಫುಟ್‌ಬಾಲಿನ ಎರಡನೆಯ ದರ್ಜೆಯಲ್ಲಿ, ನಾರ್ತ್ ಡಕೋಟಾ ಸ್ಟೇಟ್ ಪರವಾಗಿ. 2019ರಲ್ಲಿ ಆ ತಂಡ ಹದಿನಾರಕ್ಕೆ ಹದಿನಾರೂ ಪಂದ್ಯಗಳನ್ನು ಗೆದ್ದಾಗ ಅವನು 287 ಬಾರಿ ಚೆಂಡು ಎಸೆದು, 28 ಟಚ್‌ಡೌನ್ (ಆರು ಅಂಕದ ಗಳಿಕೆ) ಕೊಟ್ಟು, ಒಂದೇ ಒಂದು ಬಾರಿಯೂ ಎದುರಾಳಿಯ ಕೈಗೆ ಚೆಂಡು ಕೊಟ್ಟಿರಲಿಲ್ಲ. ಮುಂದಿನ ವರ್ಷ ಕೋವಿಡ್ ಬಂತು, ಅಕ್ಟೋಬರ್ 3ರಂದು ಒಂದು ಪಂದ್ಯ ಆಡಿದ, ಅಷ್ಟೇ. ಅಂದರೆ ನಮ್ಮ ಕೈಗೆ ಬಂದದ್ದು ಇನ್ನೂ ಇಪ್ಪತ್ತೊಂದು ತುಂಬದ, ಹಿಂದಿನ ಹದಿನೈದು ತಿಂಗಳಲ್ಲಿ ಒಂದೇ ದಿನ ಮೈದಾನಕ್ಕಿಳಿದಿದ್ದ ಹುಡುಗ. ಬುದ್ಧಿವಂತ, ಗಟ್ಟಿಮುಟ್ಟಾದವನು, ತೋಳಿನಲ್ಲಿ ಬಲ, ಕಾಲಿನಲ್ಲಿ ವೇಗ. ಇದಾವುದೂ ಸುಳ್ಳಲ್ಲ. ಅವನಿಗೆ ಬೇಕಾಗಿದ್ದದ್ದು ಆಟ, ಇನ್ನಷ್ಟು ಆಟ, ತಪ್ಪು ಮಾಡಿ ಮರುವಾರ ಮತ್ತೆ ಆಡುವ ಅವಕಾಶ. ಅದೊಂದನ್ನೇ ನಮ್ಮ ತಂಡ ಕೊಡಲಾರದಾಗಿತ್ತು. ನಿಕ್ ಬೋಸಾ, ಫ್ರೆಡ್ ವಾರ್ನರ್, ಜಾರ್ಜ್ ಕಿಟಲ್, ಡೀಬೋ ಸ್ಯಾಮ್ಯುಯೆಲ್ ಇವರೆಲ್ಲ ಆಟದ ಉತ್ತುಂಗದಲ್ಲಿದ್ದರು. ಇಂಥ ತಂಡಕ್ಕೆ ಕಲಿಯುವವನ ತಪ್ಪಿಗಾಗಿ ಬಿಟ್ಟುಕೊಡಲು ಒಂದು ಪಂದ್ಯವೂ ಹೆಚ್ಚಿಗೆ ಇರುವುದಿಲ್ಲ. ಈ ವ್ಯವಹಾರದ ಮೂಲ ದೋಷ ಇದೇ ಎಂದು ನನಗೆ ಈಗ ಅನ್ನಿಸುತ್ತದೆ. ಮೂರು ಸರದಿ ಕೊಟ್ಟರೋ ಐದು ಕೊಟ್ಟರೋ ಎಂಬುದು ಆಮೇಲಿನ ಮಾತು.

ಹೀಗಾಗಿ 2021ರ ಉದ್ದಕ್ಕೂ ಅವನು ಬೆಂಚಿನಲ್ಲಿ ಕುಳಿತ. ಗರೊಪೊಲೊಗೆ ಗಾಯವಾದಾಗ ಅರಿಜೋನಾದಲ್ಲಿ ಒಂದು ಪಂದ್ಯ ಆಡಿ ಸೋತ, ಹೊಸ ವರ್ಷದ ಮರುದಿನ ಹ್ಯೂಸ್ಟನ್ ಎದುರು ಇನ್ನೊಂದು ಆಡಿ ಗೆದ್ದ. ಬೀಳ್ಕೊಡಲೆಂದು ಸಿದ್ಧವಾಗಿದ್ದ ಗರೊಪೊಲೊ ತಂಡವನ್ನು ಸೂಪರ್ ಬೌಲಿನ ಹೊಸ್ತಿಲವರೆಗೆ ಕರೆದೊಯ್ದು, 2022ರ ಜನವರಿ 30ರಂದು ಲಾಸ್ ಏಂಜಲೀಸ್ ರ‍್ಯಾಮ್ಸ್ ಎದುರು 20–17ರಿಂದ ಸೋತ. ಆ ಬೇಸಿಗೆಯಲ್ಲಿ ಲ್ಯಾನ್ಸ್‌ನೇ ಮುಖ್ಯ ಕ್ವಾರ್ಟರ್‌ಬ್ಯಾಕ್ ಎಂದು ಘೋಷಿಸಿದರು. ಭುಜದ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಕೊಳ್ಳುವವರು ಸಿಗದ ಗರೊಪೊಲೊ ಸಂಬಳ ಇಳಿಸಿಕೊಂಡು ಎರಡನೆಯವನಾಗಿ ಉಳಿದ. ನಾನು ಐದನೆಯ ನಂಬರಿನ ಕೆಂಪು ಜರ್ಸಿ ಕೊಂಡೆ.

ಆ ಜರ್ಸಿಯನ್ನು ತೊಟ್ಟು ನಾನು ಮೈದಾನಕ್ಕೆ ಹೋದದ್ದು ಒಂದೇ ಬಾರಿ, 2022ರ ಸೆಪ್ಟೆಂಬರ್ 18ರಂದು, ಸಿಯಾಟಲ್ ಸೀಹಾಕ್ಸ್ ವಿರುದ್ಧದ ಪಂದ್ಯಕ್ಕೆ. ಮೌಂಟನ್ ವ್ಯೂನಿಂದ ಲೈಟ್ ರೈಲು ಹಿಡಿದು ಗ್ರೇಟ್ ಅಮೆರಿಕಾ ನಿಲ್ದಾಣದಲ್ಲಿ ಇಳಿದು, ಬಿಸಿಲಿನ ಬದಿಯೆಂದು ಎಲ್ಲರೂ ಬೈಯುವ ಪೂರ್ವದ ಗ್ಯಾಲರಿಯಲ್ಲಿ ಕುಳಿತಿದ್ದೆವು. ಮೊದಲ ಪಾದವಿನ್ನೂ ಮುಗಿದಿರಲಿಲ್ಲ. ಲ್ಯಾನ್ಸ್ ಚೆಂಡನ್ನು ತಾನೇ ಇಟ್ಟುಕೊಂಡು ನಡುವಿನಿಂದ ನುಗ್ಗಿದ, ದೊಡ್ಡ ದೇಹಗಳ ರಾಶಿಯೊಂದು ಮುಚ್ಚಿಕೊಂಡಿತು, ತೆರೆಯಿತು, ಎಲ್ಲರೂ ಎದ್ದರು, ಅವನು ಏಳಲಿಲ್ಲ. ಬಲಗಾಲಿನ ಹರಡು ಮುರಿದಿತ್ತು. ಕಾಲಿಗೆ ಪಟ್ಟಿ ಕಟ್ಟಿ ಸಣ್ಣ ಗಾಡಿಯಲ್ಲಿ ಕೂರಿಸುವಾಗ ಎರಡೂ ತಂಡದ ಆಟಗಾರರು ಬಂದು ಅವನ ತಲೆ ನೇವರಿಸಿ ಹೋದರು. ಗಾಡಿ ಸುರಂಗದೊಳಗೆ ಹೋದ ಮರುಕ್ಷಣವೇ ಗರೊಪೊಲೊ ಹೆಲ್ಮೆಟ್ ಧರಿಸಿ ಮೈದಾನಕ್ಕೆ ಓಡಿ ಬಂದಾಗ, ನಮ್ಮ ಸುತ್ತಲಿನ ಸಾಲುಗಳಲ್ಲಿ ಒಂದು ಹರ್ಷೋದ್ಗಾರ ಎದ್ದಿತು. ಗಾಯಗೊಂಡವನನ್ನು ಹೀಯಾಳಿಸುವ ಸದ್ದಾಗಿರಲಿಲ್ಲ ಅದು. ಪರಿಚಿತ ಮುಖ ಕಂಡಾಗ ತಾನಾಗಿ ಹೊರಡುವ ನೆಮ್ಮದಿಯಂತೆ ಕೇಳಿಸಿತು. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಮೈಮೇಲೆ ಐದನೆಯ ನಂಬರು ಇದ್ದದ್ದು ಆಮೇಲೆ ನೆನಪಾಯಿತು. ಪಂದ್ಯವನ್ನು 27–7ರಿಂದ ಗೆದ್ದೆವು. ವಾಪಸು ಬರುವ ರೈಲಿನಲ್ಲಿ ಭಾವನವರು ಮಾತೇ ಆಡಲಿಲ್ಲ.

ಆ ದಿನದ ನಂತರ ಲ್ಯಾನ್ಸ್ ನಮ್ಮ ತಂಡದ ಪರ ಲೆಕ್ಕಕ್ಕೆ ಬರುವ ಒಂದು ಪಂದ್ಯವನ್ನೂ ಆಡಲಿಲ್ಲ. ಎರಡು ವರ್ಷ, ಎಂಟು ಪಂದ್ಯ, ಅವುಗಳಲ್ಲಿ ನಾಲ್ಕು ಮೊದಲಿನಿಂದ, ಒಟ್ಟು 102 ಎಸೆತ. ಇಷ್ಟೇ ಬಲಗಡೆಯ ಅಂಕಣ.

ಎಡಗಡೆಯ ಅಂಕಣ ಮಾತ್ರ ಬೆಳೆಯುತ್ತಲೇ ಹೋಯಿತು. ಭಾವನವರ ಶ್ರದ್ಧೆಗೆ ತಲೆಬಾಗಬೇಕು, ಕೊಟ್ಟ ಪ್ರತಿಯೊಂದು ಸರದಿಯೂ ಯಾರ ಕೈ ಸೇರಿತೆಂದು ಅವರು ಬೆನ್ನುಹತ್ತಿ ಬರೆದಿದ್ದಾರೆ. ಹನ್ನೆರಡನೆಯ ಸರದಿಯನ್ನು ಮಯಾಮಿ ಅದೇ ದಿನ ಫಿಲಡೆಲ್ಫಿಯಾಕ್ಕೆ ದಾಟಿಸಿ ತಾನು ಆರನೆಯ ಸ್ಥಾನಕ್ಕೆ ಏರಿ ಜೇಲನ್ ವಾಡಲ್‌ನನ್ನು ಆರಿಸಿಕೊಂಡಿತು. ಫಿಲಡೆಲ್ಫಿಯಾ ಅದನ್ನು ಡಲ್ಲಾಸ್‌ಗೆ ದಾಟಿಸಿತು, ಡಲ್ಲಾಸ್ ಆ ಹನ್ನೆರಡರಲ್ಲಿ ಮೈಕಾ ಪಾರ್ಸನ್ಸ್‌ನನ್ನು ಪಡೆಯಿತು. 2022ರ ನಮ್ಮ ಸರದಿಯನ್ನು ಮಯಾಮಿ ಟೈರೀಕ್ ಹಿಲ್‌ಗಾಗಿ ಕ್ಯಾನ್ಸಸ್ ಸಿಟಿಗೆ ಕೊಟ್ಟ ಗಂಟಿನಲ್ಲಿ ಸೇರಿಸಿತು. 2023ರದು ಬ್ರ್ಯಾಡ್ಲಿ ಚಬ್‌ಗಾಗಿ ಡೆನ್ವರ್‌ಗೆ ಹೋಯಿತು. ಡೆನ್ವರ್ ಅದನ್ನು ಕೋಚ್ ಶಾನ್ ಪೇಟನ್ ಅವರನ್ನು ಬಿಡಿಸಿಕೊಳ್ಳಲು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟಿತು. ಒಂದು ಸರದಿ ಆಟಗಾರನಾಗುವ ಮೊದಲು ಒಬ್ಬ ಕೋಚ್ ಆಯಿತು ಎಂದು ಭಾವನವರು ಆ ಕೋಶಕ್ಕೆ ಹಳದಿ ಬಣ್ಣ ಬಳಿದಿದ್ದಾರೆ.

2022ರ ಡಿಸೆಂಬರ್ 4ರಂದು ವಾಡಲ್, ಹಿಲ್, ಚಬ್ ಮೂವರೂ ಮಯಾಮಿಯ ಬಿಳಿ ಜರ್ಸಿಯಲ್ಲಿ ಸಾಂಟಾ ಕ್ಲಾರಾಕ್ಕೇ ಆಡಲು ಬಂದರು. ನಾವು ಕೊಟ್ಟ ಬೆಲೆ ನಮ್ಮ ಮನೆಯಂಗಳದಲ್ಲೇ ಓಡಾಡಿತು. ಅದೇ ಪಂದ್ಯದ ಮೊದಲ ಪಾದದಲ್ಲಿ ಗರೊಪೊಲೊನ ಪಾದದ ಮೂಳೆ ಮುರಿಯಿತು. ಎಲ್ಲ ಮುಗಿಯಿತು ಎಂದುಕೊಳ್ಳುತ್ತಿರುವಾಗ ಬ್ರಾಕ್ ಪರ್ಡಿ ಎಂಬ, ಆ ವರ್ಷದ ಡ್ರಾಫ್ಟಿನ 262ನೆಯ, ಎಂದರೆ ಕಟ್ಟಕಡೆಯ ಸರದಿಯಲ್ಲಿ ಸಿಕ್ಕ ಹುಡುಗ ಮೈದಾನಕ್ಕಿಳಿದ. ಈ ಕೊನೆಯ ಆಯ್ಕೆಗೆ ಇಲ್ಲಿ ‘ಮಿಸ್ಟರ್ ಇರೆಲೆವೆಂಟ್’ ಎಂದು ತಮಾಷೆಯ ಬಿರುದು. ಅವನು 33–17ರಿಂದ ಗೆಲ್ಲಿಸಿದ, ಮುಂದೆಯೂ ಗೆಲ್ಲಿಸುತ್ತಲೇ ಹೋದ. ಲ್ಯಾನ್ಸ್‌ಗೆ ನಾಲ್ಕು ವರ್ಷಕ್ಕೆ ಸುಮಾರು 3.4 ಕೋಟಿ ಡಾಲರ್ ಒಪ್ಪಿಕೊಂಡಿದ್ದ ತಂಡ, ಪರ್ಡಿಗೆ ವರ್ಷಕ್ಕೆ ಹತ್ತು ಲಕ್ಷವನ್ನೂ ಕೊಡುತ್ತಿರಲಿಲ್ಲ.

ಅಭಿಮಾನಿಗಳು ಈ ವ್ಯವಹಾರವನ್ನು ಕ್ಷಮಿಸಿದ್ದು ಆ ಮಧ್ಯಾಹ್ನದಿಂದ. ಪರ್ಡಿ ಸಿಕ್ಕನಲ್ಲ, ಲೆಕ್ಕ ಸರಿಹೋಯಿತಲ್ಲ ಎಂದು. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಬೆಲೆಬಾಳುವ ಸರವನ್ನು ಕಳೆದುಕೊಂಡವನಿಗೆ ದಾರಿಯಲ್ಲಿ ಉಂಗುರ ಸಿಕ್ಕಿದರೆ ಅವನು ಅದೃಷ್ಟವಂತನೇ ಹೌದು, ಸರವನ್ನು ಸರಿಯಾಗಿ ಕಾಯ್ದುಕೊಂಡಿದ್ದ ಎನ್ನಲಾಗದು. ಆದರೆ ಪರ್ಡಿಯ ವಿಷಯದಲ್ಲಿ ನಾನು ಗಮನಿಸುವುದು ಅದೃಷ್ಟಕ್ಕಿಂತ ಬೇರೊಂದನ್ನು. ಅವನು ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ, ನಲವತ್ತಕ್ಕೂ ಹೆಚ್ಚು ಪಂದ್ಯಗಳನ್ನು ಮೊದಲಿನಿಂದ ಆಡಿ ಬಂದವನು. ತನ್ನ ತಪ್ಪುಗಳನ್ನೆಲ್ಲ ಬೇರೆಯವರ ಮೈದಾನದಲ್ಲಿ, ಬೇರೆಯವರ ಖರ್ಚಿನಲ್ಲಿ ಮಾಡಿ ಮುಗಿಸಿದ್ದ. ಭಾವನವರು ಲ್ಯಾನ್ಸ್‌ನ ಹೆಸರಿನ ಪಕ್ಕ ಬರೆದ ‘17’ರ ಅರ್ಥ ನನಗೆ ಹೊಳೆದದ್ದು ಆಗಲೇ.

ಕೋಚ್ ಕೈಲ್ ಶಾನಹನ್ ಅವರಿಗಾದರೂ ಇದು ಹೊಳೆಯಬೇಕಿತ್ತು ಎಂದು ನಾನು ಆಗಾಗ ಅಂದುಕೊಳ್ಳುತ್ತೇನೆ. 2012ರಲ್ಲಿ ವಾಷಿಂಗ್ಟನ್ ತಂಡ ಮೂರು ವರ್ಷದ ಮೊದಲ ಸುತ್ತಿನ ಸರದಿಗಳನ್ನೂ ಒಂದು ಎರಡನೆಯ ಸುತ್ತಿನದನ್ನೂ ಸೇಂಟ್ ಲೂಯಿಸ್ ರ‍್ಯಾಮ್ಸ್‌ಗೆ ಕೊಟ್ಟು ರಾಬರ್ಟ್ ಗ್ರಿಫಿನ್‌ನನ್ನು ತಂದಾಗ ಅಲ್ಲಿನ ಮುಖ್ಯ ಕೋಚ್ ಅವರ ತಂದೆ ಮೈಕ್ ಶಾನಹನ್, ಆಕ್ರಮಣದ ಹೊಣೆ ಹೊತ್ತವರು ಸ್ವತಃ ಕೈಲ್. ಗ್ರಿಫಿನ್ ಮೊದಲ ವರ್ಷ ಮಿಂಚಿ ಮೊಣಕಾಲು ಮುರಿದುಕೊಂಡ. ಅದೇ ಡ್ರಾಫ್ಟಿನ ನಾಲ್ಕನೆಯ ಸುತ್ತಿನಲ್ಲಿ ಸದ್ದಿಲ್ಲದೆ ತಂದಿದ್ದ ಕರ್ಕ್ ಕಸಿನ್ಸ್ ಕೊನೆಗೆ ಆ ತಂಡದ ಕ್ವಾರ್ಟರ್‌ಬ್ಯಾಕ್ ಆದ. 2014ರಲ್ಲಿ ಸೇಂಟ್ ಲೂಯಿಸ್ ತಂಡ ವಾಷಿಂಗ್ಟನ್ ತಂಡದ ತವರಿಗೆ ಆಡಲು ಹೋದಾಗ, ರ‍್ಯಾಮ್ಸ್‌ನವರು ಆ ಸರದಿಗಳಿಂದ ಪಡೆದ ಆರು ಜನ ಆಟಗಾರರನ್ನೇ ನಾಣ್ಯ ಚಿಮ್ಮುವಾಗ ನಾಯಕರನ್ನಾಗಿ ಕಳಿಸಿದ್ದರು. ಪಂದ್ಯವನ್ನೂ 24–0ಯಿಂದ ಗೆದ್ದರು. ಒಂಬತ್ತು ವರ್ಷದ ಹಿಂದೆ ಒಮ್ಮೆ ಓದಿದ ಪಾಠವನ್ನು ಅದೇ ಮೇಷ್ಟ್ರು ನಮ್ಮ ಖರ್ಚಿನಲ್ಲಿ ಮತ್ತೊಮ್ಮೆ ಓದಿದರು.

2023ರ ಆಗಸ್ಟ್ 25ರಂದು ಲ್ಯಾನ್ಸ್‌ನನ್ನು ಡಲ್ಲಾಸ್‌ಗೆ, ನಾಲ್ಕನೆಯ ಸುತ್ತಿನ ಒಂದು ಸರದಿಗೆ ಮಾರಿದರು. ಅಷ್ಟರಲ್ಲಿ ಸ್ಯಾಮ್ ಡಾರ್ನಲ್ಡ್ ಎರಡನೆಯ ಸ್ಥಾನವನ್ನೂ ಕಸಿದುಕೊಂಡಿದ್ದ. ಮುಂದಿನ ವಸಂತದಲ್ಲಿ ಆ 124ನೆಯ ಸರದಿಯಲ್ಲಿ ಮಲಿಕ್ ಮುಸ್ತಫಾ ಎಂಬ ರಕ್ಷಕ ಬಂದ, ಒಳ್ಳೆಯ ಆಟಗಾರ. ಬಲಗಡೆಯ ಅಂಕಣದಲ್ಲಿ ಅವನ ಹೆಸರು ಎರಡನೆಯ ಸಾಲು.

ಎಡಗಡೆಯ ಅತ್ಯಂತ ಕಹಿಯಾದ ಸಾಲು ಬರೆಯಲ್ಪಟ್ಟದ್ದು 2024ರ ಫೆಬ್ರವರಿ 11ರ ರಾತ್ರಿ. ಲಾಸ್ ವೇಗಸ್‌ನ ಸೂಪರ್ ಬೌಲ್, ಮತ್ತೆ ಅದೇ ಕ್ಯಾನ್ಸಸ್ ಸಿಟಿ. 16–16ರ ಸಮ, ಎರಡು ನಿಮಿಷ ಉಳಿದಿದೆ, ಮೂರನೆಯ ಪ್ರಯತ್ನ, ಐದು ಗಜ ಬೇಕು. ಅಷ್ಟು ಸಿಕ್ಕಿದ್ದರೆ ಚೆಂಡು ನಮ್ಮಲ್ಲೇ ಉಳಿದು, ಗಡಿಯಾರವನ್ನು ಕರಗಿಸಿ ಪಂದ್ಯವನ್ನು ಬಹುಶಃ ಮುಗಿಸಿಬಿಡಬಹುದಿತ್ತು. ಪರ್ಡಿ ಚೆಂಡೆಸೆಯುವಷ್ಟರಲ್ಲಿ ಅಂಚಿನಿಂದ ಯಾರೂ ತಡೆಯದೆ ನುಗ್ಗಿ ಬಂದ ಟ್ರೆಂಟ್ ಮೆಕ್‌ಡಫಿ ಅದನ್ನು ಕೈಯಿಂದ ಬಡಿದುಹಾಕಿದ. ನಮಗೆ ಸಿಕ್ಕಿದ್ದು ಮೂರೇ ಅಂಕ. ಮೂರು ಸೆಕೆಂಡು ಉಳಿದಿರುವಾಗ ಅವರು ಸಮ ಮಾಡಿಕೊಂಡು, ಹೆಚ್ಚುವರಿ ಸಮಯದಲ್ಲಿ 25–22ರಿಂದ ಗೆದ್ದರು. ಭಾವನವರು ಟಿವಿ ಆರಿಸಿ, ಸೋಫಾದ ಮೂಲೆಯಲ್ಲಿದ್ದ ಲ್ಯಾಪ್‌ಟಾಪ್ ತೆರೆದು, ನನ್ನ ಕಡೆ ತಿರುಗಿಸಿದರು. ಮಯಾಮಿಯಿಂದ ಬಂದ ನಮ್ಮ 2022ರ ಸರದಿಯನ್ನು, ಇನ್ನೆರಡನ್ನು ಸೇರಿಸಿ, ಕ್ಯಾನ್ಸಸ್ ಸಿಟಿಯವರು ನ್ಯೂ ಇಂಗ್ಲೆಂಡಿಗೆ ಕೊಟ್ಟು ಇಪ್ಪತ್ತೊಂದನೆಯ ಸ್ಥಾನಕ್ಕೆ ಏರಿದ್ದರು. ಅಲ್ಲಿ ಆರಿಸಿಕೊಂಡದ್ದು ಮೆಕ್‌ಡಫಿಯನ್ನು.

ಇಂಥ ಸರಪಳಿಗಳಲ್ಲಿ ಒಂದು ಮೋಸವಿದೆ ಎಂಬುದು ನನಗೆ ಗೊತ್ತು. ಹನ್ನೆರಡನೆಯ ಸರದಿ ನಮ್ಮಲ್ಲೇ ಉಳಿದಿದ್ದರೆ ಪಾರ್ಸನ್ಸ್ ನಮ್ಮವನಾಗುತ್ತಿದ್ದ ಎನ್ನುವುದು ಆಸೆಯ ಮಾತು, ಅವನಿಗಿಂತ ಮುಂಚೆ ಹನ್ನೊಂದು ಜನ ಬೇರೆಯವರನ್ನು ಆರಿಸಿಕೊಂಡದ್ದನ್ನು ಮರೆಯಬಾರದು. ಪಾರ್ಸನ್ಸ್ ಇದ್ದ ಡಲ್ಲಾಸ್‌ಅನ್ನು ಅವನಿಲ್ಲದ ನಾವು 2022ರಲ್ಲೂ 2023ರಲ್ಲೂ ಪ್ಲೇಆಫಿನಲ್ಲಿ ಸೋಲಿಸಿದ್ದೇವೆ. ನಿಜವಾದ ನಷ್ಟ ಇಷ್ಟು ನಾಟಕೀಯವಾಗಿರುವುದಿಲ್ಲ. 2022ರಲ್ಲಿ ನಮ್ಮ ಮೊದಲ ಆಯ್ಕೆ 61ನೆಯದು, 2023ರಲ್ಲಿ 87ನೆಯದು. ಎರಡು ವರ್ಷ ಮೊದಲ ಸುತ್ತಿನ ಒಬ್ಬ ಯುವಕನೂ ತಂಡಕ್ಕೆ ಬರಲಿಲ್ಲ. ಇದ್ದವರಿಗೆ ವಯಸ್ಸಾಯಿತು. 2024ರಲ್ಲಿ ಗಾಯಗಳ ಸಾಲು ಹತ್ತಿದಾಗ ಅವರ ಜಾಗಕ್ಕೆ ನಿಲ್ಲುವವರಿರಲಿಲ್ಲ, ಗೆದ್ದದ್ದು 6, ಸೋತದ್ದು 11. ಈ ನಷ್ಟಕ್ಕೆ ಒಬ್ಬನ ಹೆಸರಿಲ್ಲದ ಕಾರಣ ಎಕ್ಸೆಲ್ಲಿನಲ್ಲಿ ಅದಕ್ಕೊಂದು ಕೋಶವೂ ಇಲ್ಲ.

ಎರಡೂ ಅಂಕಣಗಳಲ್ಲಿ ಇಲ್ಲದ ಇನ್ನೊಂದು ಲೆಕ್ಕವೆಂದರೆ ಲ್ಯಾನ್ಸ್‌ನದೇ. ಇಪ್ಪತ್ತೊಂದರಿಂದ ಇಪ್ಪತ್ಮೂರು ವರ್ಷದವರೆಗೆ, ಕ್ವಾರ್ಟರ್‌ಬ್ಯಾಕ್ ಒಬ್ಬ ರೂಪುಗೊಳ್ಳುವ ಕಾಲದಲ್ಲಿ, ಅವನು ನೂರಾ ಎರಡು ಬಾರಿ ಚೆಂಡು ಎಸೆದ. ಸೋಲುವ ತಂಡವೊಂದಕ್ಕೆ ಹೋಗಿ ಹದಿನೇಳು ವಾರವೂ ತಪ್ಪು ಮಾಡುತ್ತ ಕಲಿತಿದ್ದರೆ ಏನಾಗುತ್ತಿದ್ದನೋ. ಮಾರುವ ದಿನದವರೆಗೂ ಅವನ ಬಾಯಿಂದ ತಂಡದ ಬಗ್ಗೆ ಒಂದು ಒರಟು ಮಾತನ್ನು ನಾನು ಕೇಳಲಿಲ್ಲ. ಆ ಜರ್ಸಿಯನ್ನು ಯಾರಿಗೂ ಕೊಡಲು ಮನಸ್ಸು ಬಾರದಿರುವುದು ಅದಕ್ಕೇ ಇರಬೇಕು. ಚಳಿಗಾಲದ ಬಟ್ಟೆಗಳ ಪೆಟ್ಟಿಗೆಯಲ್ಲಿ, ಅತ್ತೆಯವರು ಊರಿನಿಂದ ತಂದ ಕಂಬಳಿಯ ಕೆಳಗೆ ಅದು ಇದೆ.

2025ರ ಮಾರ್ಚಿನಲ್ಲಿ ನಮ್ಮ ತಂಡ ಪರ್ಡಿಗೆ ಜೊತೆಯಾಗಿ ಹೊಸಬನೊಬ್ಬನನ್ನು ಸಹಿ ಹಾಕಿಸಿಕೊಂಡಿತು. ಆ ಶರತ್ಕಾಲದಲ್ಲಿ ಪರ್ಡಿಯ ಕಾಲ್ಬೆರಳಿಗೆ ಗಾಯವಾದಾಗ ಅವನೇ ಹಲವು ವಾರ ಆಡಿಸಿ ಸೋತದ್ದಕ್ಕಿಂತ ಹೆಚ್ಚು ಗೆದ್ದುಕೊಟ್ಟ. ಮ್ಯಾಕ್ ಜೋನ್ಸ್. 2021ರ ಏಪ್ರಿಲಿನಲ್ಲಿ ಎಲ್ಲರೂ ಹೇಳುತ್ತಿದ್ದ, ಆ ವರ್ಷ ಹದಿನೈದನೆಯ ಸರದಿಯಲ್ಲಿ ನ್ಯೂ ಇಂಗ್ಲೆಂಡಿಗೆ ಹೋದ ಅದೇ ಮ್ಯಾಕ್ ಜೋನ್ಸ್. ಅವನಿಗಾಗಿ ಒಂದು ಸರದಿಯನ್ನೂ ಕೊಡಬೇಕಾಗಿ ಬರಲಿಲ್ಲ. ಅವನು ಗೆದ್ದ ಒಂದು ಭಾನುವಾರ ಸಂಜೆ ಭಾವನವರ ಫೋನ್ ಬಂತು. ಅವರು ಕಡತ ತೆರೆದು ಕುಳಿತಿದ್ದರು.

‘ಇವನನ್ನ ಯಾವ ಕಡೆ ಬರೀಲಿ ಹೇಳು, ಕೊಟ್ಟದ್ದರಲ್ಲೋ ಬಂದದ್ದರಲ್ಲೋ?’